ಒಂಬತ್ತಕ್ಕೆ ಹತ್ತು

ಸಿಮ್‌ಖೋಲಾದ ವಿಮಾನಪಟ್ಟಿಯ ತಕ್ಕಡಿ ದಶೈಂ ಹಬ್ಬದ ದಿನವೇ ಕೈಕೊಟ್ಟಿತು. ಕ್ಯಾಪ್ಟನ್ ಪ್ರಬಲ್ ಠಕುರಿ ಸೇಬಿನ ವ್ಯಾಪಾರಿ ಧನಲಾಲನ ಅಂಗಡಿಯಿಂದ ಇನ್ನೊಂದನ್ನು ತರಿಸಿದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹನ್ನೆರಡರ ಮುಹೂರ್ತಕ್ಕೆ ನೇಪಾಲ್‌ಗಂಜ್‌ನಲ್ಲಿ ಅಮ್ಮ ಪ್ರಬಲನ ಹಣೆಗೆ ಹಬ್ಬದ ಟೀಕಾ ಇಡಬೇಕಿತ್ತು. ಆಗಲೇ ಎರಡು ವರ್ಷ ತಪ್ಪಿತ್ತು. "ಈ ಸಲಾನೂ ಬರದಿದ್ರೆ ನಾನು ಸತ್ತೆ ಅಂದ್ಕೋ," ಎಂದಿದ್ದಳು. ಹನ್ನೊಂದಕ್ಕೆ ಕಣಿವೆಯ ಅಡ್ಡಗಾಳಿ ಎದ್ದರೆ ಆವತ್ತು ವಿಮಾನ ಏಳುವ ಮಾತೇ ಇಲ್ಲ. ಪಟ್ಟಿಯೋ ಗಿಡ್ಡ, ತುದಿಯಲ್ಲಿ ಪ್ರಪಾತ. ಬಿಸಿಲು, ಎತ್ತರ, ಉದ್ದ ಎಲ್ಲ ಲೆಕ್ಕಹಾಕಿ, ಜನ ಸಾಮಾನು ಸೇರಿ ಆರುನೂರು ಕೆ.ಜಿ., ಅದರ ಮೇಲೆ ಒಂದು ಗ್ರಾಮೂ ಇಲ್ಲ ಎಂದು ಪ್ರಬಲ್ ತೀರ್ಮಾನಿಸಿದ್ದ.

ಎಂಟು ಜನ ಪ್ರಯಾಣಿಕರು ಗಂಟುಮೂಟೆ ಸಮೇತ ತಕ್ಕಡಿ ಹತ್ತಿಳಿದರು. ಒಟ್ಟು ಆರುನೂರ ಅರವತ್ತು!

"ಅರವತ್ತು ಕೆ.ಜಿ. ಇಳಿಸ್ರಪ್ಪ."

"ಹಬ್ಬದ ದಿನ ಬರಿಗೈಲಿ ಹೋಗೋಕಾಗುತ್ತಾ ಸಾಬ್?" ಎಂದರು ಗಣಿತದ ಮೇಷ್ಟ್ರು ಹರ್ಕ ಬುಢಾ.

ಬೇಡಿದ್ದಾಯಿತು, ಬೈದದ್ದಾಯಿತು. ಮೇಷ್ಟ್ರ ಚೀಲ ಖಾಲಿಯಾದ ಕೂಡಲೇ ಅವರ ಕೋಟು ಉಬ್ಬಿತು. ಪ್ರಬಲ್ ತಡವಿದರೆ ಹದಿನಾಲ್ಕು ಸೇಬು! ಅಷ್ಟರಲ್ಲಿ ಮನ್‌ಸರಾ ಅಜ್ಜಿ ಶಾಲಿನಲ್ಲಿ ಏನನ್ನೋ ಸುತ್ತಿಕೊಂಡು ವಿಮಾನದ ಮೆಟ್ಟಿಲು ಹತ್ತುತ್ತಿದ್ದಳು.

"ಅಜ್ಜಿ, ಏನದು?"

"ಮೊಮ್ಮಗು ಬಾಬು. ಮಲಗಿದೆ, ಕಿರುಚಬೇಡ."

ಶಾಲು ಸರಿಸಿದರೆ ಆಗಲೇ ಇಳಿಸಿದ್ದ ಕುಂಬಳಕಾಯಿ. ಪ್ರಬಲನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಹತ್ತು ಮುಕ್ಕಾಲಿಗೆ ಲೆಕ್ಕ ಸರಿಯಾಗಿ ಆರುನೂರಕ್ಕೆ ಬಂತು. ಎಲ್ಲರೂ ಮುಖ ಊದಿಸಿಕೊಂಡು ಒಳಗೆ ಕೂತರು. ಇನ್ನೇನು ಬಾಗಿಲು ಹಾಕಬೇಕು, ಧನಲಾಲ್ ಏದುಸಿರು ಬಿಡುತ್ತಾ ಓಡಿ ಬಂದ.

"ಅಯ್ಯೋ ಸಾಬ್, ಇದರಲ್ಲಾ ತೂಗಿದ್ದು? ಇದು ಮಾರೋ ತಕ್ಕಡಿ! ಒಂಬತ್ತು ಇಟ್ರೆ ಹತ್ತು ತೋರಿಸುತ್ತೆ."

"ಸರಿಯಾಗಿ ತೂಗೋದು ಯಾವುದಯ್ಯಾ?"

"ಅಂಥದ್ದು ಇಟ್ಕೊಂಡು ನಾನೇನ್ ಮಾಡ್ಲಿ? ಕೊಳ್ಳೋಕೊಂದು, ಮಾರೋಕೊಂದು, ಇರೋದು ಎರಡೇ."

ಅಂದರೆ ಮೊದಲಿನ ಆರುನೂರ ಅರವತ್ತು ನಿಜವಾಗಿ ಆರುನೂರೂ ಇರಲಿಲ್ಲ! ಹಾಳಾಗಿ ಹೋಗಲಿ, ಹೊರಟರೆ ಸಾಕು ಎಂದು ಪ್ರಬಲ್ ಬಾಗಿಲಿಗೆ ಕೈಹಾಕಿದ. ಆದರೆ ಒಳಗೆ ಗಣಿತದ ಮೇಷ್ಟ್ರು ಕೂತಿದ್ದರಲ್ಲ!

"ಐನೂರ ತೊಂಬತ್ನಾಲ್ಕು!" ಎಂದು ಮೇಷ್ಟ್ರು ಕೂಗಿದರು. "ನಮ್ಮ ಸಾಮಾನು ಮೊದಲೇ ಸರಿ ಇತ್ತು ಕಣ್ರೋ, ಇಳೀರಿ!"

ಎಂಟೂ ಜನ ದಡದಡ ಇಳಿದರು. "ಬೇಡ್ರೋ, ಗಾಳಿ ಬರುತ್ತೆ!" ಎಂದು ಪ್ರಬಲ್ ಬಾಯಿ ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಇಳಿಸಿಟ್ಟ ರಾಶಿಯಲ್ಲಿ ಯಾವ ಸೇಬು ಯಾರದೆಂದು ಜಗಳ ಹತ್ತಿತು. ಅದು ಬಗೆಹರಿದು ಎಲ್ಲರೂ ಮತ್ತೆ ಕೂರುವಷ್ಟರಲ್ಲಿ ಗಾಳಿ ತೋರಿಸುವ ಬಟ್ಟೆಚೀಲ ಅಡ್ಡಕ್ಕೆ ಸೆಟೆದು ನಿಂತಿತ್ತು. ಹನ್ನೊಂದು ಗಂಟೆ ಐದು ನಿಮಿಷ. ಪ್ರಬಲ್ ಚಕ್ರದ ಪಕ್ಕದಲ್ಲೇ ಕುಸಿದು ಕೂತ.

ಅಜ್ಜಿಗೆ ಪಾಪ ಅನ್ನಿಸಿತು. ಹನ್ನೆರಡಕ್ಕೆ ಸರಿಯಾಗಿ ಅಕ್ಕಿ, ಮೊಸರು, ಕೆಂಪು ಬಣ್ಣ ಕಲಸಿ ತಂದಳು. ಅವನು ಬೇಡ ಬೇಡವೆಂದರೂ ಬಿಡದೆ ಹಣೆತುಂಬ ಮೆತ್ತಿ, "ನೂರು ವರ್ಷ ಬಾಳು ಬಾಬು," ಎಂದಳು.

ಅದೇ ಹೊತ್ತಿಗೆ ಅಮ್ಮನ ವಿಡಿಯೋ ಕರೆ ಬಂತು. ಪ್ರಬಲ್ ಬಾಯಿ ತೆರೆಯುವ ಮೊದಲೇ ಆಕೆಯ ಕಣ್ಣು ಅವನ ಹಣೆಗೆ ಬಿತ್ತು.

"ಓಹೋ! ನಾನಿಲ್ಲಿ ತಟ್ಟೆ ಹಿಡ್ಕೊಂಡು ಕಾಯ್ತಾ ಇದ್ರೆ, ಅಲ್ಲಿ ಬೇರೆ ಅಮ್ಮನ್ನ ಮಾಡ್ಕೊಂಡ್ಯಾ? ಅಲ್ಲೇ ಇದ್ದುಬಿಡು!"

ಕರೆ ಕಟ್ಟಾಯಿತು. ಹಿಂದಿನ ಎರಡು ವರ್ಷವೂ ಆಕೆ ಬೈದಿದ್ದು ಮಗ ಬರಲಿಲ್ಲ ಎಂದಷ್ಟೇ.