ಸಿಟ್ಟಿಲ್ಲದ ನಾಜಲ್

ಬಾಗಲಕೋಟೆಯಲ್ಲಿ ಹುಲ್ಲಿನ ಬಾಯಾರಿಕೆ ನೆನೆದು ಊಟ ಬಿಟ್ಟವನು ನಮ್ಮ ಕಾಕಾ ಒಬ್ಬನೇ. ದನ ಕಟ್ಟಿದವರಿಗೂ ಹುಲ್ಲಿನ ಚಿಂತೆ ಇರುತ್ತದೆ, ಅದು ಬೇರೆ ಮಾತು. ಕಾಕಾನ ಮನೆಯಲ್ಲಿ ಒಂದು ಆಡೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಗೋ ಎಂಬತ್ತರ ಮೊದಲಿಗೋ ಮನೆಮಂದಿಯೆಲ್ಲ ಬಾದಾಮಿಗೆ ಹೋಗಿದ್ದೆವು. (ಇಂಥ ಕಡೆ ನನ್ನ ನೆನಪು ತನಗೆ ಅನುಕೂಲವಾದ ವರ್ಷವನ್ನು ಆರಿಸಿಕೊಳ್ಳುತ್ತದೆ, ನೀವು ನಂಬಬೇಕಿಲ್ಲ.) ನಾವು ಗುಹೆ ನೋಡಿ ಬಂದೆವು. ಕಾಕಾ ಗುಹೆಯ ಕೆಳಗಿನ ತೋಟದ ಹುಲ್ಲು ನೋಡಿ ಬಂದ. ಅಲ್ಲೊಂದು ಹಿತ್ತಾಳೆಯ ನಾಜಲ್ ತನ್ನಷ್ಟಕ್ಕೆ ತಿರುಗುತ್ತ ನೀರು ಚಿಮ್ಮಿಸುತ್ತಿತ್ತಂತೆ. ವಾರ ಕಳೆಯುವುದರಲ್ಲಿ ಬಾಗಿಲ ಮುಂದಿನ ಒಂದಿಷ್ಟು ಬಿಟ್ಟು ಅಂಗಳದ ಫರಸಿ ಕಲ್ಲುಗಳೆಲ್ಲ ಎದ್ದವು, ಕರಕಿ ಹುಲ್ಲು ಬಂತು.

ಕಾಕಾನ ಹೆಂಡತಿ ಕಾಕುಗೆ ಹುಲ್ಲಿನ ಮೇಲೆ ದ್ವೇಷವೇನಿರಲಿಲ್ಲ, ನೀರಿನ ಮೇಲೆ ಲಕ್ಷ್ಯವಿತ್ತು. ನಳಕ್ಕೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗ ತುಂಬಿಟ್ಟುಕೊಳ್ಳಲು ಮಾಳಿಗೆಯ ಮೇಲೆ ಒಂದೇ ಟಾಕಿ. ಅದರಲ್ಲೇ ಅಡಿಗೆ, ಅದರಲ್ಲೇ ಸ್ನಾನ, ಈಗ ಅದರಲ್ಲೇ ಹುಲ್ಲು.

"ಕೇಳ್ರಿಲ್ಲಿ," ಅಂದಳು ಕಾಕು. "ನನ್ನ ಅಡಗಿಮನಿ ನಳ ನೀರಿಲ್ದ ಒಂದ ದಿನ ಕೆಮ್ಮಿತಂದ್ರ, ಮರುದಿನ ಹುಲ್ಲ ಕಿತ್ತು ಮೆಂತೇಪಲ್ಲೆ ಹಾಕ್ತೇನಿ."

ಕಾಕು ಅಂದದ್ದನ್ನು ಮಾಡುವಾಕೆ. ಅಂದಿನಿಂದ ಕಾಕಾನ ಬದುಕು ಇಷ್ಟಕ್ಕೆ ಬಂದು ನಿಂತಿತು: ಇದ್ದಷ್ಟೇ ನೀರಿನಲ್ಲಿ ಹುಲ್ಲು ಹಸಿರಾಗಿರಬೇಕು, ನಳ ಕೆಮ್ಮಬಾರದು.

ಮೊದಲನೆಯ ನಾಜಲ್ ಪರಿಚಯದವರೊಬ್ಬರ ಕೈಯಲ್ಲಿ ಪುಣೆಯಿಂದ ಬಂತು. ಅದು ನೀರನ್ನು ಹೊಗೆ ಮಾಡಿ ಬಿಡುತ್ತಿತ್ತು. ಬೇಸಿಗೆಯ ಗಾಳಿ ಆ ಹೊಗೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಪಕ್ಕದ ಮಾಳಿಗೆಯ ಹಪ್ಪಳಗಳ ಮೇಲೆ ಇಳಿಸಿತು. ಆ ಮನೆಯಾಕೆ ಜಗಳಕ್ಕೆ ಬಂದರೆ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಹಪ್ಪಳ ಎಲ್ಲಾ ಸರಿಸಮ ತೊಯ್ದಾವೇನ್ರಿ?"

ಹನಿ ದಪ್ಪ ಇರಬೇಕು, ಗಾಳಿಗೆ ಜಗ್ಗಬಾರದು. ನಿಧಾನ ಬೀಳಬೇಕು, ನೆಲ ಕುಡಿಯಬೇಕು, ಓಣಿಗೆ ಹರಿಯಬಾರದು. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಕಾಕಾ ಲೇಥ್ ಮಶೀನಿನ ಹುಸೇನಸಾಬನ ಹತ್ತಿರ ಹೊಸ ಮೂತಿ ಮಾಡಿಸತೊಡಗಿದ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ವಾಪಸ್.

"ಕಾಕಾ, ಇದನ್ನ ಹುಲ್ಲಿಗಿ ಕೂಡಸ್ತೀರೋ, ರಾಕೆಟ್ಟಿಗೋ?"

"ರಾಕೆಟ್ಟಾಗಿದ್ರ ಇಷ್ಟ ತ್ರಾಸ ಕೊಡತಿದ್ದಿಲ್ಲೋ ಸಾಬಾ. ಅದು ಒಂದ ಸಲ ಹಾರಿದ್ರ ಮುಗೀತು."

ನೀರು ಎಲ್ಲ ಕಡೆ ಸಮನಾಗಿ ಬೀಳುತ್ತದೋ ಇಲ್ಲವೋ ನೋಡಲು ಅಡಿಗೆಮನೆಯ ಬಟ್ಟಲುಗಳನ್ನೆಲ್ಲ ಹುಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದ. ಸ್ವಲ್ಪ ಹೊತ್ತು ನಾಜಲ್ ಬಿಟ್ಟು, ಆಮೇಲೆ ಒಂದೊಂದರಲ್ಲೂ ಕಡ್ಡಿ ಅದ್ದಿ ಅಳೆಯುವುದು. ಕಾಕು ನಮಗೆ ಸಾರನ್ನು ಲೋಟದಲ್ಲಿ ಕೊಡುತ್ತಿದ್ದಳು. ನಾಗರ ಪಂಚಮಿಯ ಮುಂಜಾನೆ ಹೀಗೆಯೇ ಬಟ್ಟಲಿಟ್ಟು, ವಾಲ್ವ್ ತಿರುಗಿಸಲು ಕಾಕಾ ಮಾಳಿಗೆ ಹತ್ತಿದ. ಬಿಗಿದುಕೊಂಡಿದ್ದ ವಾಲ್ವ್ ತಿರುಗಲಿಲ್ಲ, ನೀರು ಬಿಡದೆಯೇ ಇಳಿದು ಬಂದ. ಅಷ್ಟರಲ್ಲಿ ಹಾಲಿನವನು ಎಲ್ಲ ಬಟ್ಟಲಿಗೂ ಹಾಲು ಎರೆದು ಕೈಮುಗಿದು ನಿಂತಿದ್ದ.

"ನಾಗಪ್ಪಗ ಇಟ್ಟೀರಿ ಅಂತ ತಿಳಕೊಂಡ್ನಿರಿ."

ಕಾಕಾ ಕಡ್ಡಿ ಅದ್ದಿ ನೋಡಿದ. ಎಲ್ಲ ಬಟ್ಟಲಲ್ಲೂ ಸಮ. "ನಾಜಲ್ಲಿಗಿಂತ ಇಂವನ ಚಲೋ," ಅಂದ.

ಆಮೇಲೆ ಹೋಳಿ. ಮೊದಲೇ ಹೋಳಿ ಬಂದಿತ್ತೋ ಏನೋ. ಹೇಳುವುದಕ್ಕೆ ಚೆಂದವಾಗಿರುವ ಕ್ರಮ ಇದು, ಆದ್ದರಿಂದಲೇ ನನಗೆ ಅನುಮಾನ. ನಮ್ಮೂರ ಹೋಳಿಯೆಂದರೆ ಬಂಡಿಯ ಮೇಲೆ ಬಣ್ಣದ ಬ್ಯಾರಲ್ ಹೇರಿಕೊಂಡು ಒಂದು ಓಣಿ ಇನ್ನೊಂದು ಓಣಿಯ ಮೇಲೆ ಏರಿ ಹೋಗುವುದು. ನಮ್ಮ ಓಣಿಯ ಪೈಲವಾನರು ಕಾಕಾನ ಕೈಕಾಲು ಹಿಡಿದು ಅವನ ಹೊಸ ನಾಜಲ್ ಒಯ್ದರು. ಮಧ್ಯಾಹ್ನದೊಳಗೆ ತಂದು ಕೊಟ್ಟರು.

"ಯಾಕ್ರೋ?"

"ಇದರಾಗ ಸಿಟ್ಟ ಇಲ್ರಿ ಕಾಕಾ. ಆ ಓಣಿ ಮಂದಿ ಕಣ್ಣ ಮುಚ್ಚಿ ಆರಾಮ ನಿಂತ್ರು. ಇನ್ನೊಂದೀಟ ಹಾಕ್ರಿ ಅಂದ್ರು."

ಕಾಕಾ ಆ ದಿನವೇ ಅದನ್ನು ಅಂಗಳದಲ್ಲಿ ಕಾಯಂ ಮಾಡಿದ. ಕೆಲವು ದಿನ ಹುಲ್ಲು ಗುಲಾಬಿಯಾಗಿತ್ತು. ಆಮೇಲೆ ಹಸಿರಾಯಿತು. ನಳ ಕೆಮ್ಮಲಿಲ್ಲ. ಕಾಕು ಮೆಂತೇಬೀಜದ ಪುಡಿಕೆಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಕಿಟಕಿಯಲ್ಲೇ ಇಟ್ಟಿದ್ದಳು.

ಅದರ ಮುಂದಿನ ಬೇಸಿಗೆಯಲ್ಲಿ ಅವಳಿಗೆ ಹೊಟ್ಟೆಯ ಆಪರೇಶನ್ ಆಯಿತು. ದವಾಖಾನೆಯಿಂದ ಬಂದ ಮೇಲೆ ಸೆಕೆಗೆ ಒಳಗೆ ಮಲಗಲಾರದೆ ಹೊರಸನ್ನು ಬಾಗಿಲ ಮುಂದಿನ ಫರಸಿಯ ಮೇಲೆ ಹಾಕಿಸಿಕೊಂಡಳು. ನಳಕ್ಕೆ ನೀರು ಬಂದು ಬಹಳ ದಿನವಾಗಿತ್ತು. ಕಾಕಾ ಯಾರಿಗೂ ಹೇಳದೆ ನಾಜಲ್ ನಿಲ್ಲಿಸಿದ್ದ. ಹುಲ್ಲು ಚಹಾಪುಡಿಯ ಬಣ್ಣಕ್ಕೆ ತಿರುಗುತ್ತಿತ್ತು.

"ಯಾಕ ಬಂದ್ ಮಾಡೀರಿ?" ಕಾಕು ಕೇಳಿದಳು.

"ಗಾಳಿ ಭಾಳ ಐತಿ. ನೀರು ಹಾರಿ ಹೋಗತೈತಿ."

ಅಂಗಳದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕಾಕು ಅದನ್ನು ನೋಡಿದಳು, ಕಾಕಾನನ್ನೂ ನೋಡಿದಳು.

"ಇವತ್ತ ನಾ ಏನ ಅಡಗಿ ಮಾಡಾಕಿ ಅಲ್ಲ. ನನ್ನ ಪಾಲಿನ ನೀರು ಅದಕ್ಕ ಬಿಡ್ರಿ."

"ನಿನಗ ಬೇಕಾಗ್ತೈತಿ."

"ಬಿಡ್ರಿ ಅಂದ್ನಿ."

ಬಿಟ್ಟ. ಟಾಕಿಯ ತಳದ ನೀರಿಗೆ ಜೋರಿರಲಿಲ್ಲ. ನಾಜಲ್ ಉಗುಳಿತೇ ಹೊರತು ತಿರುಗಲಿಲ್ಲ. ಕಾಕಾ ಧೋತರ ಎತ್ತಿ ಕಟ್ಟಿ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಮೆಲ್ಲಗೆ ತಿರುಗಿಸತೊಡಗಿದ. ಅಂಗಿಯೆಲ್ಲ ತೊಯ್ದಿತು. ಕಾಕು ಸುಮಾರು ಹೊತ್ತು ನೋಡುತ್ತಿದ್ದಳು.

"ಇತ್ಲಾಗ ಒಂಚೂರ ತರ್ರಿ."

"ಅಲ್ಲಿ ಹುಲ್ಲಿಲ್ಲಲ್ಲ."

"ನಾ ಅದೀನಲ್ರಿ."

ಇದರಲ್ಲಿ ಎಷ್ಟನ್ನು ಕಂಡೆ, ಎಷ್ಟನ್ನು ಆಮೇಲೆ ಕೂಡಿಸಿಕೊಂಡೆ, ಹೇಳಲಾರೆ. ಮುಂದಿನದನ್ನು ಮಾತ್ರ ಕಂಡಿದ್ದೇನೆ. ಕಾಕಾ ಪೈಪಿನ ಸಮೇತ ನಾಜಲ್ ಎತ್ತಿ ತಂದು ಹೊರಸಿನ ಕಾಲ್ದೆಸೆಗೆ ಹಿಡಿದ. ನೀರು ಅವಳ ಪಾದಗಳ ಮೇಲೆ ಬಿದ್ದು, ಫರಸಿಯ ಮೇಲೆ ಹರಿದು, ಮೆಟ್ಟಿಲಿಳಿದು ಓಣಿಗೆ ಹೋಯಿತು. ಕಾಕಾ ಅದು ಹೋಗುವುದನ್ನು ನೋಡಿದ. ಟಾಕಿ ಬರಿದಾಗುವವರೆಗೂ ಕೈ ತೆಗೆಯಲಿಲ್ಲ.