ನೇರಳೆ ಮಷೀನಿನ ಮಹಿಮೆ

ಬಡಗಿಗೆ ತನ್ನ ಭಾವಮೈದುನನ ಮೇಲೆ ಕಳ್ಳತನದ ಆರೋಪ ಹೊರಿಸುವ ಭಾಗ್ಯವೂ ಇರಲಿಲ್ಲ. ಪಕ್ಕದ ಬೀದಿಯಲ್ಲೇ ಮನೆ ಮಾಡಿಕೊಂಡಿದ್ದ ಆ ಪ್ಲಂಬರ್ ಮಹಾಶಯ ಒಯ್ದದ್ದನ್ನೆಲ್ಲ ತಪ್ಪದೆ ವಾಪಸು ತರುತ್ತಿದ್ದ. ಆದರೆ ಹೋದ ವಸ್ತು ಒಂದು, ಬಂದ ವಸ್ತು ಇನ್ನೊಂದು. ಕೂದಲು ಸೀಳುವಷ್ಟು ಚೂಪಾಗಿ ಹೋದ ಉಳಿ, ಸಿಮೆಂಟ್ ಕೆರೆದೂ ಕೆರೆದೂ ಬೆಣ್ಣೆ ಸವರುವುದಕ್ಕೂ ನಾಲಾಯಕ್ಕಾಗಿ ಬಂತು. ಅಳತೆ ಟೇಪು ಹೊರಚಾಚಿದ ನಾಲಿಗೆಯನ್ನು ಒಳಗೆಳೆದುಕೊಳ್ಳುವುದನ್ನೇ ಮರೆತು ಬಂತು. ಕೊನೆಗೆ ವೈರಿನ ಹಳೇ ಡ್ರಿಲ್ ಬಕೆಟ್ಟಿನಲ್ಲಿ ಸಿಮೆಂಟ್ ಕಲಸುವ ಉದ್ಯೋಗಕ್ಕೆ ಹೋಗಿ, ಹೊಗೆ ಉಗುಳಿ ಸ್ವರ್ಗಸ್ಥವಾಗಿ, ಚೀಲದೊಳಗೆ ಮಲಗಿಕೊಂಡು ಮರಳಿತು.

"ನನ್ನ ತಮ್ಮ ಏನು ನುಂಗಿ ನೀರು ಕುಡಿದ್ನಾ? ತಂದು ಕೊಟ್ಟಿದಾನಲ್ಲ!" ಎಂದಳು ಹೆಂಡತಿ.

"ಹೆಣ ತಂದು ಕೊಟ್ಟಿದಾನೆ ಕಣೇ."

"ಅದರ ಆಯಸ್ಸು ಮುಗಿದಿತ್ತು. ನಿಮ್ಮ ಕೈಯಲ್ಲಿದ್ರೂ ಹೋಗ್ತಿತ್ತು. ಪಾಪ, ಅವನ ಕೈಯಲ್ಲಿ ಹೋಯ್ತು, ಅವನಿಗೆಷ್ಟು ಬೇಜಾರಾಗಿದೆ ಗೊತ್ತಾ?"

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದವನಿಗೂ ಒಬ್ಬ ಭಾವಮೈದುನ ಇದ್ದಿರಬೇಕು ಎಂದು ಬಡಗಿ ಮನಸ್ಸಿನಲ್ಲೇ ಅಂದುಕೊಂಡ. (ಇಂಥದ್ದನ್ನು ಬಾಯಿಬಿಟ್ಟು ಅನ್ನುವ ರೂಢಿ ಆ ಮನೆಯಲ್ಲಿ ಇರಲಿಲ್ಲ.)

ಡ್ರಿಲ್ ಇಲ್ಲದೆ ನಡೆಯುವಂತೆಯೂ ಇರಲಿಲ್ಲ. ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನ ಕಪಾಟು, ಬಾಗಿಲು, ಮೇಜು ಅಷ್ಟೂ ಕೆಲಸ ಅವನಿಗೆ ಸಿಕ್ಕಿತ್ತು. ಅಲ್ಲಿ ಇನ್ನೂ ಕರೆಂಟ್ ಬಂದಿರಲಿಲ್ಲ. ಬ್ಯಾಟರಿ ಮಷೀನೇ ಗತಿ. ಹೇಳಿದ ದಿನಕ್ಕೆ ಮುಗಿಸಿದರೆ ಡಾಕ್ಟರು ತಮ್ಮ ಮನೆಯ ಕೆಲಸವನ್ನೂ ಕೊಡುವವರಿದ್ದರು. ಮುಗಿಸದಿದ್ದರೆ ಬೇರೆ ಬಡಗಿಯನ್ನು ನೋಡಿಕೊಳ್ಳುತ್ತೇನೆ ಎಂದು ನಗುನಗುತ್ತಲೇ ಹೇಳಿದ್ದರು.

ಅಂಗಡಿಯಲ್ಲಿ ಮೂರು ಕಂಪನಿಯ ಮಷೀನುಗಳು ಮೂರು ಬಣ್ಣದಲ್ಲಿದ್ದವು: ಹಸಿರು, ಬೂದು, ನೇರಳೆ. ಬೂದು ಆಟಕ್ಕುಂಟು ಲೆಕ್ಕಕ್ಕಿಲ್ಲ. ಹಸಿರನ್ನು ಎತ್ತಿಕೊಂಡರೆ ಅಂಗೈಯಲ್ಲೇ ಹುಟ್ಟಿದಂತೆ ಕೂತಿತು. ನೇರಳೆಯದು ಭಾರ, ಸ್ವಲ್ಪ ಹೊತ್ತು ತಲೆಯ ಮೇಲೆ ಎತ್ತಿ ಹಿಡಿದರೆ ಮಣಿಕಟ್ಟು ಗೋಳಾಡುತ್ತಿತ್ತು.

"ಕಣ್ಣುಮುಚ್ಚಿ ಹಸಿರು ತಗೊಳ್ಳಿ. ದಿನಾ ದುಡಿಯೋರೆಲ್ಲ ಅದನ್ನೇ ಒಯ್ಯೋದು," ಎಂದ ಅಂಗಡಿಯವನು. "ಆದ್ರೆ ಒಂದು ವಿಷಯ. ಒಂದು ಕಂಪನಿ ಹಿಡಿದ್ರೆ ಮುಗೀತು, ಅದರ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ."

"ಏನಂದ್ರಿ?"

"ಕೂರಲ್ಲ. ಏನು ತಿಪ್ಪರಲಾಗ ಹಾಕಿದ್ರೂ ಕೂರಲ್ಲ."

ಜಗತ್ತಿನ ಕೆಲಸಗಾರರೆಲ್ಲ ಶಪಿಸುವ ಈ ಮಾತು ಬಡಗಿಯ ಕಿವಿಗೆ ಜೇನಿನಂತೆ ಇಳಿಯಿತು. ಭಾವಮೈದುನನ ಹತ್ತಿರ ಇದ್ದದ್ದು ಹಸಿರು ಮಷೀನು, ಅದಕ್ಕೆ ತಿಂಡಿಯ ಹೊತ್ತಿಗೇ ಸುಸ್ತಾಗುವ ಒಂದೇ ಒಂದು ಮುದಿ ಬ್ಯಾಟರಿ. ಮಷೀನು ಕೇಳಿದರೆ "ನನಗೇ ಬೇಕು" ಎನ್ನಬಹುದು. ಹೊಸ ಮಷೀನಿನ ಜೊತೆ ಬರುವ ಮೂರು ಬ್ಯಾಟರಿಯಲ್ಲಿ ಒಂದು ಕೇಳಿದರೆ ಏನೆನ್ನುವುದು? ಬಡಗಿ ಮರುಮಾತಿಲ್ಲದೆ ನೇರಳೆ ಮಷೀನನ್ನೂ ಅದರ ಮೂರು ಬ್ಯಾಟರಿಗಳನ್ನೂ ಎದೆಗವಚಿಕೊಂಡು ಹೊರಬಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

"ಇದೇನ್ರೀ, ಬದನೆಕಾಯಿ ಬಣ್ಣ!" ಹೆಂಡತಿ ಡಬ್ಬಿ ತೆರೆದು ಮೂಗು ಮುರಿದಳು. "ತಮ್ಮನ ಹತ್ರ ಹಸಿರಿದೆ. ನೀವೂ ಅದೇ ತಂದಿದ್ರೆ ಅವನ ಬ್ಯಾಟರಿ ನಿಮಗೆ, ನಿಮ್ಮದು ಅವನಿಗೆ. ಅಷ್ಟೂ ತಲೆ ಓಡ್ಲಿಲ್ವಾ?"

ತಲೆ ಓಡಿದ್ದೇ ಆ ದಾರಿಯಲ್ಲಿ ಎಂದು ಹೇಳುವಂತಿರಲಿಲ್ಲ. (ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ಬೇರೊಂದು ದುರಂತ ಕಥೆ ಶುರುವಾಗುತ್ತಿತ್ತು.) ಬಡಗಿ ಗಂಟಲು ಸರಿಮಾಡಿಕೊಂಡು ಅಲ್ಲೇ ಒಂದು ಶಾಸ್ತ್ರ ಹೊಸೆದ.

"ನಿನಗೆ ತಿಳಿಯಲ್ಲ. ಹಸಿರಿನ ಮೋಟಾರ್ ಬೇಗ ಬಿಸಿಯಾಗತ್ತೆ. ನೇರಳೆದು ಗಟ್ಟಿ ಪಿಂಡ, ಅದಕ್ಕೇ ಭಾರ. ಭಾರ ಇದ್ದಷ್ಟೂ ಬಾಳಿಕೆ."

"ಯಾರು ಹೇಳಿದ್ದು?"

"ಅನುಭವ."

"ತಂದು ಇನ್ನೂ ಅರ್ಧ ಗಂಟೆ ಆಗಿಲ್ಲ!"

ಸಂಜೆ ಭಾವಮೈದುನ ಬಂದ. ಹೊಸ ಬ್ಯಾಟರಿಯ ವಾಸನೆ ಅವನಿಗೆ ಹೇಗೆ ಹತ್ತಿತೋ, ತನ್ನ ಹಸಿರು ಮಷೀನನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ. ನೇರಳೆ ಬ್ಯಾಟರಿಯನ್ನು ಅದಕ್ಕೆ ತುರುಕಿದ, ತಿರುಗಿಸಿ ತುರುಕಿದ, ಊದಿದ, ನೆಲಕ್ಕೆ ಕುಟ್ಟಿದ. ಕೂರಲಿಲ್ಲ. ಬಡಗಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಅಯ್ಯೋ ಪಾಪ, ಕೂರ್ತಿಲ್ವೇನೋ?" ಎಂದು ಮುಖವನ್ನು ಸಾಧ್ಯವಾದಷ್ಟು ಇಳಿಬಿಟ್ಟ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವನ ಬಾಯಿಗೆ ಬೀಗ ಇರುವುದಿಲ್ಲ. "ಹಸಿರು ಆಟದ ಸಾಮಾನು ಕಣೋ. ಬೆವರು ಸುರಿಸಿ ದುಡಿಯೋನ ಕೈಗೆ ನೇರಳೆನೇ ಸರಿ."

"ಹೌದಾ ಭಾವ?" ಎಂದ ಭಾವಮೈದುನ, ತನ್ನ ಮಷೀನನ್ನು ಹೊಸದಾಗಿ ನೋಡುತ್ತ.

ಮರುದಿನದಿಂದ ಬಡಗಿಗೆ ಇದೇ ಕಸುಬಾಯಿತು. ಕ್ಲಿನಿಕ್ಕಿನ ಎದುರಿನ ಚಹಾದಂಗಡಿಯಲ್ಲಿ, ಅದೇ ಕ್ಲಿನಿಕ್ಕಿಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಮುಂದೆಯೂ ಚಹಾಕ್ಕೆ ಬರುತ್ತಿದ್ದ ಭಾವಮೈದುನನ ಮುಂದೆಯೂ ನೇರಳೆಯ ಪುರಾಣ ಬಿಚ್ಚುತ್ತಿದ್ದ. ಹೆಂಡತಿಗೆ ಅನುಮಾನ ಬರಬಾರದಲ್ಲ! ಸುಳ್ಳನ್ನು ದಿನಾ ನೀರೆರೆದು ಬೆಳೆಸಬೇಕಾಗುತ್ತದೆ. ವಾರ ಕಳೆಯುವಷ್ಟರಲ್ಲಿ ನೇರಳೆ ಮಷೀನು ಮೂರನೇ ಮಹಡಿಯಿಂದ ಬಿದ್ದರೂ ಎದ್ದು ಮೈ ಕೊಡವಿಕೊಂಡು ಕೆಲಸಕ್ಕೆ ಹೋಗುವಂಥದ್ದಾಗಿತ್ತು.

ಇತ್ತ ಅವನ ಬಲ ಮಣಿಕಟ್ಟು ಊದಿಕೊಂಡಿತ್ತು. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ನೋವಿನ ಮುಲಾಮು ತಿಕ್ಕುತ್ತಿದ್ದ. ಆದರೂ ಮೂರು ಬ್ಯಾಟರಿಗಳೂ ಹೊಟ್ಟೆ ತುಂಬಿಸಿಕೊಂಡು, ಯಾರ ಕೈಗೂ ಸಿಗದೆ, ಕಪಾಟಿನಲ್ಲಿ ಕೂತಿರುವುದನ್ನು ನೋಡಿದರೆ ಅರ್ಧ ನೋವು ಇಳಿಯುತ್ತಿತ್ತು. ಮಿಕ್ಕ ಅರ್ಧ ಹಲ್ಲು ಕಚ್ಚಿ ಸಹಿಸುವಂಥದ್ದು.

ಸೋಮವಾರ ಸಂಜೆಯೊಳಗೆ ಕ್ಲಿನಿಕ್ ಒಪ್ಪಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಭಾವಮೈದುನ ಹೆಗಲ ಮೇಲೆ ದೊಡ್ಡ ಚೀಲ ಹೊತ್ತು, ಮುಖದ ತುಂಬ ನಗೆ ಹೊತ್ತು ಬಂದ. ಚೀಲವನ್ನು ನಡುಮನೆಯಲ್ಲಿ ಬಿಚ್ಚಿದ. ಒಂದು ಡ್ರಿಲ್, ಟೈಲ್ಸ್ ಕತ್ತರಿಸುವ ಒಂದು ಗ್ರೈಂಡರ್, ಪೈಪು ಕೊಯ್ಯುವ ಗರಗಸ. ಎಲ್ಲವೂ ನೇರಳೆ.

"ಭಾವ, ನಿಮ್ಮ ಮಾತು ತಲೇಲಿ ಕೂತುಬಿಡ್ತು. ಆ ಆಟದ ಸಾಮಾನನ್ನ ಪೇಂಟರ್‌ಗೆ ದಾಟಿಸಿ ಪೂರ್ತಿ ನೇರಳೆ ಆಗ್ಬಿಟ್ಟೆ!"

ಬಡಗಿ ಚೀಲದೊಳಗೆ ಬಗ್ಗಿ ನೋಡಿದ. "ಬ್ಯಾಟರಿ ಎಲ್ಲೋ?"

"ಬರೀ ಮಷೀನ್ ತಗೊಂಡ್ರೆ ಎಷ್ಟು ಅಗ್ಗ ಅಂತೀರಾ! ಅಂಗಡಿಯವನೂ ಇದನ್ನೇ ಕೇಳ್ದ, ಬ್ಯಾಟರಿಗೆ ಏನ್ಮಾಡ್ತೀರಿ ಅಂತ. ನಮ್ಮ ಭಾವ ಇದಾರಲ್ಲ ಅಂದೆ."

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವವರನ್ನು ಬಡಗಿ ಕಂಡಿದ್ದ. ಇವನು ಅದನ್ನು ಭಕ್ತಿಯಿಂದ ಮಾಡಿದ್ದ, ಅದೇ ಹೊಟ್ಟೆ ಉರಿಸುವ ಸಂಗತಿ.

"ಹಾಗಲ್ವೋ," ಬಡಗಿ ತಡವರಿಸಿದ, "ಹಸಿರೂ ಅಷ್ಟೇನು ಕೆಟ್ಟದ್ದಲ್ಲ. ಹಗುರ ಇತ್ತು, ನಿನ್ನ ಕೆಲಸಕ್ಕೆ..."

"ಪರೀಕ್ಷೆ ಮಾಡ್ತಿದೀರಾ ಭಾವ? ಭಾರ ಇದ್ದಷ್ಟೂ ಬಾಳಿಕೆ!"

ಹೆಂಡತಿಯ ಕಣ್ಣು ಒದ್ದೆಯಾಗಿತ್ತು. "ಹುಟ್ಟಿದಾಗಿನಿಂದ ಇವನು ಒಬ್ಬರ ಮಾತೂ ಕೇಳಿದೋನಲ್ಲ ಕಣ್ರೀ. ಮೊದಲ ಸಲ ನಿಮ್ಮ ಮಾತು ಕೇಳಿದಾನೆ," ಎಂದವಳೇ ಕಪಾಟಿನಿಂದ ಬ್ಯಾಟರಿಗಳನ್ನು ತಂದು ತಮ್ಮನ ಮಡಿಲಿಗೆ ಹಾಕಿದಳು. ಮೂರೂ. ಸಂಜೆ ತಂದುಕೊಡುತ್ತೇನೆ ಎಂದು ಅವನು ಹೋದ.

ಮಾತಿಗೆ ತಪ್ಪುವವನಲ್ಲ, ತಂದುಕೊಟ್ಟ. ಗ್ರೈಂಡರ್ ಎರಡರ ರಕ್ತ ಹೀರಿತ್ತು, ಮೂರನೆಯದು ಎಲ್ಲೋ ನೀರಿನ ತೊಟ್ಟಿ ಕಂಡು ಬಂದಿತ್ತು. ಜೊತೆಗೆ ಹೋಗಿದ್ದ ಚಾರ್ಜರನ್ನು "ಇನ್ನೊಂದು ದಿನ ನನ್ನ ಹತ್ರಾನೇ ಇರ್ಲಿ ಭಾವ" ಎಂದು ಅವನೇ ಉಳಿಸಿಕೊಂಡ.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಬಡಗಿ ಕೈ ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಕದಕ್ಕೆ ಸ್ಕ್ರೂ ತಿರುಗಿಸತೊಡಗಿದ. ಎರಡನೆಯ ಸ್ಕ್ರೂವಿಗೆ ಮಣಿಕಟ್ಟು ಕೈಚೆಲ್ಲಿತು. ಇನ್ನೂ ಕೂರಿಸಬೇಕಾದ ಕದಗಳು ಗೋಡೆಗೊರಗಿ ಅವನನ್ನೇ ನೋಡುತ್ತಿದ್ದವು. ಡಾಕ್ಟರು ಎರಡು ಸಲ ಇಣುಕಿ, ಗಡಿಯಾರ ನೋಡಿಕೊಂಡು ಹೋದರು. ಮೂಲೆಯಲ್ಲಿ ಪೇಂಟರ್ ಹಸಿರು ಮಷೀನಿಗೆ ಹೊಸ ಬ್ಯಾಟರಿ ಹಾಕಿಕೊಂಡು, ಸಿಳ್ಳೆ ಹೊಡೆಯುತ್ತ ಬಕೆಟ್ಟಿನಲ್ಲಿ ಬಣ್ಣ ಕಲಸುತ್ತಿದ್ದ.

ಬಡಗಿ ಆ ಮೂಲೆಗೆ ಹೋಗಿ ನಿಂತ. ಕೆಮ್ಮಿದ.

"ಸ್ವಲ್ಪ... ಸಂಜೆವರೆಗೆ... ಅದನ್ನ ಕೊಡ್ತೀರಾ?"

"ಇದನ್ನಾ?" ಪೇಂಟರ್ ಸಿಳ್ಳೆ ನಿಲ್ಲಿಸಿದ. "ಇದು ಆಟದ ಸಾಮಾನಲ್ವಾ?"

"ಹಗುರ ಇದೆ," ಎಂದ ಬಡಗಿ, ನೆಲ ನೋಡುತ್ತ.

ಪೇಂಟರ್ ಮಷೀನನ್ನು ಬಟ್ಟೆಯಿಂದ ಒರೆಸಿದ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಬದಿಯನ್ನು ಬಡಗಿಗೆ ತೋರಿಸಿದ.

"ನೋಡ್ಕೊಳ್ಳಿ, ಇಲ್ಲಿ ಗೀರಿಲ್ಲ, ಇಲ್ಲಿ ಒಡೆದಿಲ್ಲ. ಹೇಗೆ ಕೊಟ್ಟೆನೋ ಹಾಗೇ ಬರಬೇಕು. ಬೇಜಾರು ಮಾಡ್ಕೋಬೇಡಿ ಬಡಗಿಯೋರೆ, ಇಸ್ಕೊಳ್ಳೋದ್ರಲ್ಲಿ ನಿಮ್ಮ ಮನೆ ಕಡೆಯೋರ ಹೆಸರು ಸ್ವಲ್ಪ ಕೆಟ್ಟಿದೆ."

ಬಡಗಿ ಎರಡೂ ಕೈ ಚಾಚಿದ.