ಕಂಪ್ಯೂಟರ್ ತಗದದ್ದಲ್ಲರೀ, ನಾ ತಗದದ್ದು

ನನ್ನ ಧಂದೆ ಎಂಥಾದ್ದಂದ್ರ, ಗಿರಾಕಿ ಒಳಗ ಬರೂದರಾಗ ಅವನ ಹಿಂದ ಒಂದು ನಗಿಪಾಟಲೂ ಚಪ್ಪಲ್ ಬಿಟ್ಟು ಒಳಗ ಬಂದಿರತೈತಿ. ವಾರಕ್ಕ ಒಂದರೆ ಇಂಥಾದ್ದು ಆಗಲಿಲ್ಲಂದ್ರ ನನಗ ಉಂಡದ್ದು ಅರಗೂದಿಲ್ಲ.

ಮೊದಲು ನಾ ಬ್ರಶ್ ಹಿಡದು ಅಂಗಡಿ ಬೋರ್ಡ್ ಬರೀತಿದ್ದೆ. ಆಮ್ಯಾಲೆ ಒಂದು ಹಳೇ ಕಂಪ್ಯೂಟರ್ ತಂದು ಬೆಳಗಾವಿಯ ವಡಗಾವಿಯೊಳಗ ಒಂದು ಖೋಲಿ ಹಿಡದು ಕುಂತೆ. ಬಾಜೂ ಮನ್ಯಾಗ ಮಗ್ಗ ಖಟಾಖಟಾ ಅಂತಾವು, ಇತ್ತ ನನ್ನ ಮೌಸ್ ಟಿಕ್ ಟಿಕ್ ಅಂತೈತಿ. ಯಾರ ಕೈ ಕೆಳಗೂ ಇಲ್ಲ, ಕರದವರ ಕೆಲಸಾ ಮಾಡಿ ಕೊಡಾಂವ. ಲಗ್ನಪತ್ರಿಕಿ, ಡಬ್ಬಿ ಮ್ಯಾಲಿನ ಲೇಬಲ್, ಹರದ ಫೋಟೋ ರಿಪೇರಿ, ಏನ ಬಂದ್ರೂ ಬ್ಯಾಡ ಅನ್ನೂದಿಲ್ಲ.

ಬ್ರಶ್ ಹಿಡದಾಗ “ಏನ್ ಕೈರೀ ನಿಮ್ದು!” ಅಂತಿದ್ದ ಮಂದಿ, ಮೌಸ್ ಹಿಡದ ಮರುದಿವಸದಿಂದ “ಏನ್ ಕಂಪ್ಯೂಟರ್ರೀ ನಿಮ್ದು!” ಅನ್ನಾಕ ಹತ್ತಿದ್ರು. ಆ ಮಾತು ಕೇಳಿದ್ರ ನನಗ ಮೈಯೆಲ್ಲಾ ಉರೀತೈತಿ. ಮೂಗು ತಿದ್ದಾಂವ ನಾ, ಕಣ್ಣಿಗೆ ಹೊಳಪು ಕೊಡಾಂವ ನಾ, ಕುಂತು ಕುಂತು ಬೆನ್ನ ನೋಯಿಸಿಕೊಳ್ಳಾಂವ ನಾ, ಹೆಸರು ಮಾತ್ರ ಆ ಡಬ್ಬಿಗೆ! ಒಬ್ಬರೆ, ಒಮ್ಮೆರೆ, “ಇದನ್ನ ನೀ ತಗದೀ” ಅಂತಾರೇನು ಅಂತ ಕಾದ್ಕೋತ ಕುಂತಿದ್ದೆ. ಆ ಕಾಯೂದ್ರಾಗ ಆದ ಕಥಿ ಇವು.

ಆಕಾಶಕ್ಕೂ ರೊಕ್ಕಾ ಕೊಟ್ಟೀನಿ

ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ ಒಬ್ಬರು ಬಂದ್ರು. ಗಿರಾಕಿಗಳಿಗೆ ಹಂಚಾಕ ಹೊಸ ವರ್ಷದ ಕ್ಯಾಲೆಂಡರ್ ಬೇಕಾಗಿತ್ತು. ನಾ ಮನಸ್ಸು ಹಚ್ಚಿ ಮಾಡಿದೆ. ಕೆಳಗ ಕಬ್ಬಿನ ಹೊಲಾ, ನಡುವ ಬಸವಣ್ಣ, ಮ್ಯಾಲ ತುಂಬ ತಿಳಿ ನೀಲಿ ಆಕಾಶ. ನೋಡಿದ್ರ ಕಣ್ಣಿಗೆ ತಂಪು ಅನಸಬೇಕು, ಹಂಗ.

ವ್ಯಾಪಾರಿ ಕನ್ನಡಕ ಏರಿಸಿ ನೋಡಿದ್ರು. “ಇಷ್ಟ ಜಾಗಾ ಯಾಕ ಖಾಲಿ ಬಿಟ್ಟೀರಿ?”

“ಅದು ಆಕಾಶರೀ. ಖಾಲೀನ ಇರತೈತಿ.”

“ಪ್ರೆಸ್‌ನವ ಪೂರಾ ಹಾಳಿಗೆ ರೊಕ್ಕಾ ತಗೋತಾನಲ್ಲ, ಆಕಾಶಕ್ಕ ಅಂತ ಬಿಡ್ತಾನೇನು? ಅಲ್ಲೊಂದು ಲಕ್ಷ್ಮೀ ಕುಂದರಸ್ರಿ.”

ಕುಂದರಸಿದೆ. ಲಕ್ಷ್ಮೀ ಒಬ್ಬಾಕಿ ಆದ್ಲು, ಬಾಜೂ ಗಣಪತಿ ಇರಲಿ ಅಂದ್ರು. ಮರುದಿವಸ ಮಠದ ಸ್ವಾಮಿಗಳ ಫೋಟೋ ತಂದ್ರು. ಅದರ ಮರುದಿವಸ ತೀರಿಹೋದ ಅವರ ಅಪ್ಪಂದು. ಅಪ್ಪ ಬಂದ ಮ್ಯಾಲ ಅವ್ವ ಬಿಟ್ಟರ ಮನ್ಯಾಗ ಜಗಳ ಆಗತೈತಿ ಅಂತ ಅವ್ವನ್ನೂ ತಂದ್ರು. ಕಬ್ಬು ಕಿತ್ತು ಹಾಕಿ ಅಲ್ಲಿ ಅಣ್ಣತಮ್ಮಂದಿರನ್ನ ನಿಲ್ಲಿಸಿದೆ. ಬಸವಣ್ಣ ಸಣ್ಣಾಕ್ಕೋತ ಹೋಗಿ ಒಂದು ಮೂಲಿಗೆ ಸರದ. ಕಡೀಕ ತಾರೀಖು ಹಾಕೂ ಹೊತ್ತಿಗೆ ಬೆರಳ ಇಡಾಕ ಜಾಗಾ ಉಳೀಲಿಲ್ಲ.

“ಸಾಹುಕಾರ್ರ, ನಿಮ್ಮ ಅಂಗಡಿ ಹೆಸರು ಎಲ್ಲೆ ಹಾಕಲಿ?”

ಅವರು ಭಾಳ ಹೊತ್ತ ವಿಚಾರ ಮಾಡಿದ್ರು. “ಅದನ್ನ ಬಿಟ್ಟ ಬಿಡ್ರಿ. ನಮ್ಮ ಅಂಗಡಿ ಎಲ್ಲಾರಿಗೂ ಗೊತ್ತೈತಿ.”

ಹೋಗುವಾಗ ಬಾಗಲದಾಗ ನಿಂತು ಮತ್ತೊಮ್ಮೆ ಕ್ಯಾಲೆಂಡರ್ ನೋಡಿ ತಲಿ ಅಲ್ಲಾಡಿಸಿದ್ರು. ನನಗ ಆಸೆ ಆತು, ಈಗ ಅಂತಾರ, ಈಗ ಅಂತಾರ ಅಂತ.

“ಭಾಳ ಶಾಣ್ಯಾ ಐತ್ರಿ ನಿಮ್ಮ ಕಂಪ್ಯೂಟರ್. ಇಷ್ಟ ಮಂದೀನ ಕುಂದರಸೇತಿ, ಒಬ್ಬರ ಮೊಳಕೈ ಒಬ್ಬರಿಗೆ ತಾಗಿಲ್ಲ!”

ಕಂಪನಿ ಯಾವುದರೀ?

ನಮ್ಮಪ್ಪ ನಮ್ಮ ಹಳ್ಳಿ ಬೀಡಿಯೊಳಗ ಇರತಾನ. ನನಗ ಕನ್ಯೆ ನೋಡೂದು ಅವನ ಕೆಲಸಾ. ಖಾನಾಪುರದಾಗ ಒಂದು ಮನಿ ಐತಿ ಅಂತ ಕರಕೊಂಡು ಹೋದ. ಅವಲಕ್ಕಿ ತಿಂದು ಮುಗಿಯೂದರಾಗ ಹುಡುಗಿ ಅಪ್ಪ ಶುರು ಮಾಡಿದ್ರು.

“ಹುಡುಗನ ಕೆಲಸಾ?”

ನಮ್ಮಪ್ಪ ಎದಿ ಉಬ್ಬಿಸಿ, “ಕಂಪ್ಯೂಟರ್‌ನ್ಯಾಗ” ಅಂದ.

ಹುಡುಗಿ ಅಪ್ಪನ ಮಾರಿ ಲಕಾಲಕಾ ಹೊಳೀತು. ನನ್ನ ಪ್ಲೇಟಿಗೆ ಮತ್ತೊಂದು ಸವಟು ಅವಲಕ್ಕಿ ಬಿತ್ತು. “ಕಂಪನಿ ಯಾವುದರೀ?”

“ಕಂಪನಿ ಇಲ್ಲರೀ, ಸ್ವಂತದ್ದು” ಅಂದೆ.

“ಹೌದಾ! ಮಾಲಕರು ಯಾರು?”

“ನಾನ.”

“ಕೈ ಕೆಳಗ ಎಷ್ಟ ಮಂದಿ ಅದಾರ?”

“ನಾನ ಅದೀನಿ.”

“ಸೂಟಿ ಬೇಕಂದ್ರ ಯಾರನ್ನ ಕೇಳ್ತೀರಿ?”

“ನನ್ನನ್ನ.”

ಅವರು ಚಾದ ಕಪ್ಪ ಕೆಳಗ ಇಟ್ರು. “ಅಂದ್ರ ಕೆಲಸದಿಂದ ತಗಿಯಾವ್ರೂ ನೀವ ಅಂದಂಗಾತು. ಅದೊಂದು ಚಲೋ ಆತು.”

ಸುಮ್ನಿರಬೇಕಿತ್ತು. ಆದ್ರ ನನ್ನ ನಾಲಿಗಿ ಕೇಳಬೇಕಲ್ಲ. ಕಂಪ್ಯೂಟರ್ ಬರೇ ಹತಾರ, ಚಿತ್ರಾ ತಗಿಯಾಂವ ನಾ ಅಂತ ಭಾಷಣಾನ ಮಾಡಿದೆ. ಅವರು ನಂಬೂ ಲಕ್ಷಣ ಕಾಣಲಿಲ್ಲ. ಅಲ್ಲೇ ಬಿದ್ದಿದ್ದ ಒಂದು ಕಾಗದ, ಪೆನ್ಸಿಲ್ ತಗೊಂಡು ಅವರ ಮಾರೀನ ತಗದ ತೋರಿಸಿದೆ. ಮೀಸಿ, ಹಣೀ ಮ್ಯಾಲಿನ ಗೆರಿ, ಕಿವ್ಯಾಗಿನ ಕೂದಲಾ ಸುದ್ದಾ ಬಿಡಲಿಲ್ಲ. ಹುಬೇಹೂಬ್ ಬಂದಿತ್ತು. ಮನಿ ಮಂದಿಯೆಲ್ಲಾ ಬಂದು ನೋಡಿದ್ರು. ಇವತ್ತ ನಾ ಗೆದ್ದೆ ಅಂದ್ಕೊಂಡೆ.

ಹುಡುಗಿ ಅಪ್ಪ ಆ ಕಾಗದ ಹಿಡಕೊಂಡು ಅಡಗಿಮನಿಗೆ ಹೋಗಿ ಹೆಂಡತಿಗೆ ಹೇಳಿದ್ದು ನಮಗ ಹೊರಗ ಸ್ವಚ್ಛ ಕೇಳಿಸ್ತು.

“ಬ್ಯಾಡ ಬಿಡ. ಪಾಪ, ಅವಂಗ ಕಂಪ್ಯೂಟರ್ ಇನ್ನೂ ಪೂರಾ ಬರೂದಿಲ್ಲ. ಕೈಲೇ ತಗೀತಾನಂತ.”

ಇಂಚಿಂಚಾಗಿ

ಬೆಳಗಾವಿ-ಖಾನಾಪುರದ ಮಂದಿಗೆ ನನ್ನ ಕಿಮ್ಮತ್ತು ತಿಳಿಯೂದಿಲ್ಲ, ಜಗತ್ತಿಗೆ ತೋರಸೋಣು ಅಂತ ಠರಾಯಿಸಿದೆ. ಆಗಷ್ಟ ನಮ್ಮ ಊರಾಗ ಇಂಟರ್ನೆಟ್ ಸೆಂಟರ್ ಶುರು ಆಗಿದ್ವು. ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪಡದೆ, ಪಡದೆ ಹಿಂದ ಕುಂತವರ ಬೆನ್ನಷ್ಟ ಕಾಣೂದು. ಅಲ್ಲೇ ಕುಂತು ಒಂದು ಪುಕಟ್ ವೆಬ್‌ಸೈಟ್ ಮಾಡಿ ನನ್ನ ಚಿತ್ರಾ ಹಾಕಿದೆ. ನೋಡಿದವರು ನಾಕು ಮಾತು ಬರದು ಹೋಗಲಿ ಅಂತ ಕೆಳಗ ಜಾಗಾನೂ ಬಿಟ್ಟಿದ್ದೆ.

ಹದಿನೈದು ದಿವಸ ಬಿಟ್ಟು ಒಂದು ಮಧ್ಯಾಹ್ನ ನೋಡಾಕ ಹೋದೆ. ಆಗಿನ ಇಂಟರ್ನೆಟ್ ಅಂದ್ರ, ಚಿತ್ರಾ ಒಮ್ಮಿಗೇ ಬರತಿದ್ದಿಲ್ಲ. ಮ್ಯಾಲಿಂದ ಕೆಳಗ ಇಂಚಿಂಚ ಇಳೀತಿತ್ತು. ಮೊದಲು ಹೂವು ಮುಡಿದ ತಲಿ ಬಂತು. ಆಮ್ಯಾಲೆ ಹಣಿ. ಆಮ್ಯಾಲೆ ಅರ್ಧಾ ಮುಚ್ಚಿದ ಕಣ್ಣು.

ಹಾದು ಹೊಂಟಿದ್ದ ಸೆಂಟರ್ ಮಾಲಕ ನಿಂತ. ಬಾಜೂ ಗೂಡಿನಿಂದ ಒಂದು ತಲಿ ಹಣಿಕಿ ಹಾಕ್ತು. ಹಿಂದ ಇನ್ನಿಬ್ಬರು ಬಂದ್ರು. ಹಣಿತುಂಬ ವಿಭೂತಿ ಹಚ್ಚಿದ್ದ ಹಿರ್ಯಾರೊಬ್ಬರು, “ನಾ ಸುಮ್ನ ಟೈಮ್ ಕೇಳಾಕ ಬಂದೆ” ಅಂದ್ರು. ಟೈಮ್ ಹೇಳಿದೆ. ಹೋಗಲಿಲ್ಲ.

“ಯಾರ್ರೀ ಇಕಿ?” ಅಂದ ಮಾಲಕ, ಪಿಸುಮಾತಿನ್ಯಾಗ.

“ತಡೀರಿ, ಇನ್ನೂ ಬರಾಕತ್ತೈತಿ.”

ಕುತ್ತಿಗಿ ಬಂತು. ಭುಜ ಬಂತು. ಯಾರೂ ಉಸರಾಡವಲ್ರು. ಅಷ್ಟರಾಗ ಲೈನ್ ನಿಂತು ಹೋತು. ವಿಭೂತಿ ಹಿರ್ಯಾರು ನನ್ನ ಭುಜಾ ಹಿಡದು, “ಮತ್ತೊಮ್ಮೆ ಒತ್ತ್ರೀ!” ಅಂತ ಒದರಿದ್ರು. ಒತ್ತಿದೆ. ಟರ್ ಟರ್ ಅಂತ ಮತ್ತ ಶುರು ಆತು. ಹೆಣಮಗಳ ಭುಜದ ಕೆಳಗ ಒಂದು ಕರೀ ಗುಡ್ಡದಂಥಾದ್ದು ಇಳೀತು. ಅದಕ್ಕೊಂದು ಬಾಲಾ. ಆಮ್ಯಾಲೆ ಕೆಚ್ಚಲಿನ ನಾಕು ಮಲಿ, ಕೆಳಗ ಹಾಲಿನ ಚರಗಿ.

“ಥೂ, ಎಮ್ಮಿ!” ಅಂದ ಮಾಲಕ. ಗುಂಪು ಚದರಿತು. ಹಿಂಡಾಕ ಚರಗಿ ಇಟ್ಟು ಎಮ್ಮಿ ಆಚಿ ನಿಂತ ಹೆಣಮಗಳ ಚಿತ್ರಾ ಅದು. ನಮ್ಮ ಬೀಡಿಯೊಳಗ ದಿನಾ ಕಾಣೂದು.

ಹಿರ್ಯಾರಿಗೆ ಸಿಟ್ಟು ತಡಿಯಾಕ ಆಗಲಿಲ್ಲ. “ಏನ್ ಕಾಲ ಬಂತಪಾ! ಎಮ್ಮಿ ನೋಡಾಕ ಹುಡುಗರು ಇಲ್ಲಿತನಕಾ ಬರತಾರ!”

ನಾ ಅತ್ಲಾಗ ಲಕ್ಷ್ಯ ಕೊಡಲಿಲ್ಲ. ಕೆಳಗ ಎರಡು ಮಾತು ಬಂದಿದ್ವು, ಎರಡೂ ಪರದೇಶದಿಂದ! ಮೊದಲನೇದವ ಬರದಿದ್ದ, “ಚಿತ್ರಾ ಭಾಳ ಛಂದ ಐತಿ. ಯಾವ ಸಾಫ್ಟ್‌ವೇರ್?” ಸಾತ್ ಸಮುದ್ರದ ಆಚಿ ಕಡೆನೂ ಅದೇ ರೋಗ. ಎರಡನೇದವ ಕೇಳಿದ್ದ, “ಎಮ್ಮಿ ಯಾವ ತಳಿ?”

ಡಬ್ಬಿ ಕೇಳಾವ್ರು ಅದಾರ, ಎಮ್ಮಿ ಕೇಳಾವ್ರು ಅದಾರ, ನನ್ನ ಕೇಳಾವ್ರ ಇಲ್ಲ.

ರುಮಾಲಿನ ಹಿಂದಿನ ಅಪ್ಪ

ಬೀಡಿಯೊಳಗ ಒಬ್ಬ ಕುರುಬರ ಅಜ್ಜ ತೀರಿಕೊಂಡ. ವರ್ಷದ ಪೂಜಿಗೆ ಗ್ವಾಡಿಗೆ ಹಾಕಾಕ ಫೋಟೋ ಬೇಕು. ಆದ್ರ ಅಜ್ಜ ಹುಟ್ಟಿದಾಗಿಂದ ಒಂದೂ ಫೋಟೋ ತಗಿಸಿಕೊಂಡಿದ್ದಿಲ್ಲ. ತಗಿಸಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಅವನ ನಂಬಿಕಿ. ಎಂಬತ್ತೈದು ವರ್ಷ ಬದುಕಿದ, ಹಂಗಾಗಿ ತಪ್ಪ ಅನ್ನಾಕೂ ಬರೂದಿಲ್ಲ.

ಮೂರೂ ಮಕ್ಕಳು ಒಂದು ಲಗ್ನದ ಗುಂಪಿನ ಫೋಟೋ ಹಿಡಕೊಂಡು ನನ್ನ ಖೋಲಿಗೆ ಬಂದ್ರು.

“ಇದರಾಗ ಅಪ್ಪ ಅದಾನ” ಅಂದ ಹಿರ್ಯಾಂವ.

“ಎಲ್ಲೆ?”

“ಈ ತಲಿಗೆ ದೊಡ್ಡ ರುಮಾಲು ಸುತ್ತಿದವರು ಅದಾರಲ್ಲ, ಅವರ ಹಿಂದ.”

ಹಿಂದ ಒಂದು ಕಿವಿ ಕಾಣತಿತ್ತು. “ಬರೇ ಕಿವಿ ಐತಲ್ಲೋ!”

“ಅದ್ಕ ನಿಮ್ಮ ಕಡೆ ಬಂದೀವಿ. ಕಂಪ್ಯೂಟರ್‌ನ್ಯಾಗ ಹಾಕಿ ರುಮಾಲಿನವರನ್ನ ಜರಾ ಬಾಜೂ ಸರಸ್ರಿ. ಹಿಂದ ಅಪ್ಪ ಇರತಾನ.”

ಹಂಗ ಆಗೂದಿಲ್ಲ, ನಾನ ಹೊಸದಾಗಿ ಮುಖಾ ಬರೀಬೇಕು ಅಂತ ತಿಳಿಸಿ ಹೇಳೂದ್ರಾಗ ನನ್ನ ಗಂಟಲಾ ಒಣಗಿತು. ಆತು, ನಾವು ಹೇಳ್ತೀವಿ ನೀವು ತಗೀರಿ ಅಂತ ಮೂವರೂ ಕುಂತ್ರು.

“ಅಪ್ಪನ ಮೂಗು ನನ್ನಂಗ ಇತ್ತು” ಅಂದ ಹಿರ್ಯಾಂವ. “ಗಲ್ಲಾ ನನ್ನಂಗ” ಅಂದ ನಡುವಿನವ. “ಕಣ್ಣಾದ್ರೂ ನನಗ ಬಿಡ್ರೆಪಾ” ಅಂದ ಸಣ್ಣಾಂವ. ಹೊಲಾ ಹಂಚಿಕೊಂಡಂಗ ಅಪ್ಪನ ಮುಖಾ ಹಂಚಿಕೊಂಡ್ರು. ಮರುದಿವಸ ಅಜ್ಜನ ತಂಗಿ ಬಂದ್ಲು. ಖಾನಾಪುರದ ಆಚಿ ಹಳ್ಳಿಗೆ ಕೊಟ್ಟಿದ್ರು, ಸಿಟ್ಟು ಬಂದ್ರ ಮರಾಠಿ ಮಾತಾಡಾಕಿ. ನನ್ನ ಪರದೆ ನೋಡಿದವಳೇ ಮರಾಠಿ ಶುರು ಮಾಡಿದ್ಲು. ಅಜ್ಜನ ಮೂಗು ಹಿರ್ಯಾಂವನಂಗ ಇದ್ದಿಲ್ಲಂತ, ಇಕೀಯಂಗ ಇತ್ತಂತ. ಮೂಗು ನಾಕು ಸಲ ಅಳಿಸಿದೆ.

ಮುಖಾ ಆದ ಮ್ಯಾಲ ಶೃಂಗಾರ ಶುರು ಆತು. “ಕೈಗೊಂದು ಗಡಿಯಾರ ಹಾಕ್ರಿ. ಕಿಸೇಕ ಒಂದು ಪೆನ್ ಇಡ್ರಿ.”

“ಅಜ್ಜಗ ಓದಾಕ ಬರಿಯಾಕ ಬರತಿತ್ತೇನು?”

“ಇಲ್ಲ. ಆದ್ರ ಬೀಗರು ಬಂದು ನೋಡ್ತಾರಲ್ಲ. ಮತ್ತ, ಮಾರಿ ಜರಾ ನಗುಮಾರಿ ಮಾಡ್ರಿ.”

ಅಜ್ಜನ್ನ ನಾ ಸಣ್ಣಾಂವ ಇದ್ದಾಗಿಂದ ನೋಡೀನಿ. ಅಂವ ಬರೂ ದಾರ್ಯಾಗ ನಾಯಿ ಸುದ್ದಾ ನಿಲ್ಲತಿದ್ದಿಲ್ಲ. ಆದ್ರೂ ಮಾಡಿದೆ. ಎಂಟು ದಿವಸ ಕುಂತು ಒಂದೊಂದು ಸುಕ್ಕು ಕೈಲೇ ಎಳದೆ. ನಗೀನ ತುಟಿಗೆ ಹಚ್ಚಲಿಲ್ಲ, ಕಣ್ಣಾಗ ಇಟ್ಟೆ. ಅಂಥಾ ಕೆಲಸಾ ನಾ ಮೊದಲ ಮಾಡಿದ್ದಿಲ್ಲ, ಖರೇ ಹೇಳ್ತೀನಿ.

ಪೂಜಿ ದಿವಸ ಫೋಟೋಕ್ಕ ಗಾಜಿನ ಕಟ್ಟ ಹಾಕಿಸಿ ನಾನ ಬೀಡಿಗೆ ಒಯ್ದೆ. ಪಡಸಾಲಿ ತುಂಬ ಮಂದಿ. ಮ್ಯಾಲ ಹೊಚ್ಚಿದ್ದ ಅರಿವಿ ಸರಿಸಿದ ಕೂಡಲೇ, “ಅಯ್ಯಯ್ಯ, ಎದ್ದು ಬಂದಂಗ ಐತಲ್ಲೋ! ಏನ್ ಕಂಪ್ಯೂಟರ್ ಬಂದಾವಪಾ!” ಅಂತ ಸುರು ಆತು. ಬೀಗರು ಪೆನ್ ನೋಡಿದ್ರು, ಗಡಿಯಾರ ನೋಡಿದ್ರು, ಕಂಪ್ಯೂಟರಿಗೆ ಕೈ ಮುಗಿಯೂದೊಂದು ಬಾಕಿ. ನಾ ಕಂಬಕ್ಕ ಬೆನ್ನ ಹಚ್ಚಿ ನಿಂತೆ. ಎಂಟು ದಿವಸದ ಬೆನ್ನನೋವು ಒಮ್ಮಿಗೇ ಬಂತು. ಇನ್ನ ಯಾರೂ ಅನ್ನೂದಿಲ್ಲ ಅಂತ ಆಸೆ ಬಿಟ್ಟೆ.

ಅಷ್ಟರಾಗ ಒಳಗಿಂದ ಅಜ್ಜನ ಹೆಂಡತಿ, ಆ ಮುದಕಿ ಬಂದ್ಲು. ಮಂದಿ ದಾರಿ ಬಿಟ್ರು. ಮುದಕಿ ಫೋಟೋನ ಕಣ್ಣಿಗೆ ಹತ್ತರ ಹಿಡದು ಭಾಳ ಹೊತ್ತ ನೋಡಿದ್ಲು.

“ಇಂವ ಯಾರು?”

“ಅಪ್ಪ ಯವ್ವಾ!” ಅಂದ್ರು ಮೂವರೂ.

“ನಿಮ್ಮಪ್ಪ? ಅಂವ ಅರವತ್ತು ವರ್ಷದಾಗ ಒಂದಿನಾ ನನ್ನ ಕಡೆ ಹಿಂಗ ನೋಡಿದ್ದಿಲ್ಲ.”

ಹಿರ್ಯಾಂವ ತಡವರಿಸಿಕೋತ, “ಅದು… ಕಂಪ್ಯೂಟರ್ ಹಂಗ ತಗದೈತಿ ಯವ್ವಾ” ಅಂದ.

“ಸುಮ್ನಿರ. ಇದು ಮಷೀನ್ ತಗದದ್ದಲ್ಲ, ಮನಷ್ಯಾನ ತಗದಾನ. ಮಷೀನಿಗೆ ಇಷ್ಟ ಛಂದ ಸುಳ್ಳ ಹೇಳಾಕ ಎಲ್ಲೆ ಬರತೈತಿ?” ಅಂದು ಮುದಕಿ ಸುತ್ತ ನೋಡಿ ಕಂಬದ ಕಡೆ ತಿರಗಿದ್ಲು. “ನೀ ತಗದ್ಯೇನೋ ತಮ್ಮಾ?”

ನಾ ಕಂಬ ಬಿಟ್ಟು ಮುಂದ ಬಂದೆ. “ಹೂಂ ಯವ್ವಾ, ನಾನ ತಗದೀನಿ.”

ಮುದಕಿ ಸೆರಗಲೇ ಮ್ಯಾಲಿನ ಗಾಜು ಒರಸಿ ಫೋಟೋನ ಮಗನ ಕೈಯಾಗ ಕೊಟ್ಲು.

“ಹಾಕ್ರಿ ಗ್ವಾಡಿಗೆ. ಅವನ ಜೋಡಿ ಅರವತ್ತು ವರ್ಷ ಹೆಂಗೋ ತಗದೆ. ಉಳದ ನಾಕು ದಿನಾ ಇವನ ಜೋಡಿ ಆರಾಮ ಇರತೀನಿ.”